ರೋಮಿನ ಗೋರಿಯ ಮುಂದೆ ಅಜ್ಜನಿಗೆ ಬಡಿಸಿದ ಊಟ

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನನ್ನ ಕ್ಲಾಸಿನವರು ನಾನು ಏನು ಹೇಳಿದರೂ ಅದರಲ್ಲಿ ಅರ್ಧ ಕಳೆದು, ಉಳಿದ ಅರ್ಧಕ್ಕೆ ನಕ್ಕು, ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ. ನಮ್ಮ ಹಿತ್ತಲಿಗೆ ಬಂದ ನೀಲಿ ನಾಲಗೆಯ ಹಲ್ಲಿಯನ್ನು ಮೊಸಳೆ ಮಾಡಿ ಹೇಳಿದವನು ನಾನು.

ಈ ಅನುಭವದಲ್ಲೂ ರೈಸ್ ಕುಕ್ಕರಿನ ಭಾಗಕ್ಕೆ ಸ್ವಲ್ಪ ಉಪ್ಪು ಖಾರ ಹಾಕಿದ್ದೇನೆ. ಆದರೆ ಗೋರಿಯ ಭಾಗಕ್ಕೆ ಒಂದು ಸಾಸಿವೆ ಕಾಳೂ ಹಾಕಿಲ್ಲ. ಹಾಕುವ ಧೈರ್ಯ ನನಗಿಲ್ಲ. ಅಮ್ಮನನ್ನು ಕೇಳಿ, ಮಾಮನನ್ನು ಕೇಳಿ. ಅಜ್ಜಿಯನ್ನು ಮಾತ್ರ ಕೇಳಬೇಡಿ...

ಟೂರ್ ಹುಡುಕಿದ್ದು ಮಾಮ. ಅಮ್ಮನ ತಮ್ಮ. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಅಜ್ಜಿ ಇರುವುದು ಅವನ ಜೊತೆ. ಇಟಲಿಗೆ "ಪಾರ್ಟ್ ಗೈಡೆಡ್" ಟೂರಂತೆ. ಅಂದರೆ ಮಧ್ಯಾಹ್ನದವರೆಗೆ ಗೈಡ್ ನೋಡಿಕೊಳ್ಳುತ್ತಾಳೆ, ಆಮೇಲೆ ದೇವರು ನೋಡಿಕೊಳ್ಳುತ್ತಾನೆ. ಅಪ್ಪನಿಗೆ ರಜೆ ಸಿಗಲಿಲ್ಲ. ಹೋದದ್ದು ಅಮ್ಮ, ನಾನು, ಮಾಮ, ಅಜ್ಜಿ. ನಮ್ಮ ಸ್ಕೂಲಿನ ಬೇಸಿಗೆ ರಜೆ ಅಲ್ಲಿ ಗಡಗಡ ಚಳಿಗಾಲ. ಸಂಜೆ ಆಗುವ ಮೊದಲೇ ಕತ್ತಲು.

ಅಜ್ಜಿಯ ಸೂಟ್‌ಕೇಸಿನಲ್ಲಿ ಎರಡು ಸೀರೆ, ಒಂದು ಸ್ವೆಟರ್, ಒಂದು ರೈಸ್ ಕುಕ್ಕರ್. ಉಳಿದ ಜಾಗದಲ್ಲೆಲ್ಲ ಕುಚ್ಚಲಕ್ಕಿ ಮತ್ತು ಒಣ ಸಿಗಡಿ ಚಟ್ನಿ. ಮೊದಲ ದಿನ ಹೋಟೆಲಿನ ಬಾತ್‌ರೂಮಿನಲ್ಲಿ ಕುಕ್ಕರ್ ಆನ್ ಮಾಡಿದ ಕೂಡಲೇ ನಮ್ಮ ಫ್ಲೋರಿನ ಲೈಟೆಲ್ಲ ಹೋಯಿತು. (ಸ್ಕೂಲಿನಲ್ಲಿ ಹೇಳುವಾಗ ಇಡೀ ರೋಮ್ ಕತ್ತಲಾಯಿತು, ಪೋಪ್ ಮೊಂಬತ್ತಿ ಹುಡುಕಿದರು ಅಂದಿದ್ದೆ.) ಮರುದಿನ ಬಸ್ಸಿನಲ್ಲಿ ಅಜ್ಜಿ ಬುತ್ತಿಯ ಮುಚ್ಚಳ ಸ್ವಲ್ಪ ಸರಿಸಿದ್ದಕ್ಕೆ ನಮ್ಮ ಹಿಂದಿನ ಸೀಟಿನ ಜರ್ಮನ್ ದಂಪತಿ ಎದ್ದು ಡ್ರೈವರ್ ಪಕ್ಕಕ್ಕೆ ಹೋಗಿ ಕೂತರು. ಇದು ಮಾತ್ರ ಪೂರ್ತಿ ನಿಜ.

"ಅಷ್ಟು ಯಾಕೆ ಮಾಡ್ತಿ ಅಮ್ಮಾ? ನೀನು ಸಿಗಡಿ ಮುಟ್ಟುದಿಲ್ಲ" ಅಂತ ಮಾಮ ಗೊಣಗಿದ.

"ಒಂದು ಪಾಲು ಇರ್ಲಿ" ಅಂದಳು ಅಜ್ಜಿ.

ಆ ಪಾಲು ಯಾರದ್ದು ಅಂತ ನಮಗೆಲ್ಲ ಗೊತ್ತಿತ್ತು.

ಅಜ್ಜ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಉಡುಪಿಯಿಂದ ಮಗನನ್ನು ನೋಡಲು ಬಂದವರು ಡ್ಯಾಂಡಿನಾಂಗ್‌ನ ಮನೆಯಲ್ಲಿ ಒಂದು ಬೆಳಿಗ್ಗೆ ಏಳಲೇ ಇಲ್ಲ. ನಮ್ಮ ತುಳುವರಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಒಂದು ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದ ಮೀನು, ಕೋಳಿ ಬಡಿಸಿ, ಹೆಸರು ಹಿಡಿದು ಕರೆಯಬೇಕು. ಆಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮಗ ಬಾಗಿಲು ತಟ್ಟಿ, ಊಟ ಆಯಿತಾ ಅಂತ ಕೇಳಿ, ಇನ್ನು ನಿಮ್ಮ ಜಾಗಕ್ಕೆ ಹೋಗಿ ಅಂತ ಹೇಳಬೇಕು. ಅಷ್ಟು ಹೇಳಿದ ಮೇಲೆಯೇ ಬಾಗಿಲು ತೆಗೆಯುವುದು.

ಅಜ್ಜನಿಗೆ ಇದು ಆಗಿರಲಿಲ್ಲ. "ರೆಂಟ್ ಮನೆ, ಸ್ಮೋಕ್ ಅಲಾರಂ ಉಂಟು, ಊರಿಗೆ ಹೋದಾಗ ಮಾಡುವಾ" ಅಂತ ಮಾಮ ಮುಂದೂಡುತ್ತ ಬಂದ. ಅಜ್ಜಿ ದಿನದಿನಕ್ಕೆ ಒಣಗಿದಳು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಅಂತಲೇ ಈ ಟೂರ್.

ರೋಮಿಗೆ ಹೋಗುವಾಗ ವಿಮಾನದಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ್ದಳು. "ಹಸಿದಿದ್ದಾರೆ ಮಗಾ. ಕನಸಿನಲ್ಲಿ ಬರ್ತಾರೆ. ಮಾತಾಡುದಿಲ್ಲ. ಖಾಲಿ ಬಟ್ಟಲು ಹಿಡ್ಕೊಂಡು ನಿಲ್ತಾರೆ."

ನನಗೆ ಯಾವ ಜೋಕೂ ಹೊಳೆಯಲಿಲ್ಲ. ಅದೇ ಮೊದಲ ಸಲ.

ಮೂರನೆಯ ದಿನ ನಮ್ಮನ್ನು ರೋಮ್ ಊರಿನ ಹೊರಗಿನ ಒಂದು ಹಳೇ ಬಂದರು ಪಟ್ಟಣಕ್ಕೆ ಕರೆದುಕೊಂಡು ಹೋದರು. ಈಗ ಸಮುದ್ರವೂ ಅದನ್ನು ಬಿಟ್ಟು ದೂರ ಹೋಗಿದೆ. ಮಾಡು ಬಿದ್ದು ಗೋಡೆ ಮಾತ್ರ ಉಳಿದ ಮನೆಗಳು, ಕೊಡೆ ಬಿಚ್ಚಿದ ಹಾಗಿರುವ ಪೈನ್ ಮರಗಳು, ಗೋಡೆಗೊಂದು ಬೆಕ್ಕು. ಹಳದಿ ಛತ್ರಿ ಎತ್ತಿ ಹಿಡಿದ ಗೈಡಮ್ಮ ಮುಂದೆ, ಕುರಿ ಮಂದೆಯ ಹಾಗೆ ನಾವು ಹಿಂದೆ.

ಊರಬಾಗಿಲಿನ ಹೊರಗೆ ಒಂದು ಕಲ್ಲು ಹಾಸಿದ ಬೀದಿ. ಎರಡೂ ಬದಿಗೆ ಗೋರಿಗಳು. ಪುಟ್ಟ ಪುಟ್ಟ ಮನೆಗಳ ಹಾಗೆ, ಬಾಗಿಲು, ಜಗಲಿ ಎಲ್ಲ ಇರುವಂಥವು. ಒಂದು ಗೋರಿಯ ಮುಂದೆ ಗೈಡಮ್ಮ ನಿಂತು ನೆಲದಿಂದ ಎದ್ದ ಮಣ್ಣಿನ ಕೊಳವೆಯೊಂದನ್ನು ತೋರಿಸಿದಳು.

ಅಜ್ಜಿ ನನ್ನ ತೋಳು ಚಿವುಟಿದಳು. "ಎಂತ ಹೇಳ್ತಾಳೆ ಅವಳು?"

"ಹಬ್ಬದ ದಿನ ಮನೆಯವರೆಲ್ಲ ಇಲ್ಲಿಗೆ ಬಂದು ಜಗಲಿಯಲ್ಲಿ ಕೂತು ಊಟ ಮಾಡ್ತಿದ್ರಂತೆ ಅಜ್ಜಿ. ಒಂದು ಪಾಲು ಈ ಪೈಪಿನಲ್ಲಿ ಕೆಳಗೆ ಹಾಕ್ತಿದ್ರಂತೆ."

"ಯಾರಿಗೆ?"

"ಕೆಳಗೆ ಇರುವವರಿಗೆ."

ಅಜ್ಜಿ ಆ ಕೊಳವೆಯನ್ನು ನೋಡಿದ ರೀತಿ... ಯಾರೋ ಪರವೂರಿನಲ್ಲಿ ನಮ್ಮ ಭಾಷೆ ಮಾತಾಡಿದರೆ ನೋಡುತ್ತೇವಲ್ಲ, ಹಾಗೆ.

"ಈಗ ಯಾರು ಹಾಕುದು?"

"ಈಗ ಯಾರು ಹಾಕ್ತಾರೆ? ಮನೆಯವರೂ ಸತ್ತು ಸಾವಿರಾರು ವರ್ಷ ಆಯ್ತಲ್ಲ."

"ಪಾಪ" ಅಂದಳು. ಅಷ್ಟೇ.

ಮಧ್ಯಾಹ್ನ ಗೈಡಮ್ಮ ಛತ್ರಿ ಮಡಚಿದಳು. ಇನ್ನು ಫ್ರೀ ಟೈಮ್, ಗೇಟ್ ಮುಚ್ಚುವ ಮೊದಲು ಬಸ್ಸಿನ ಹತ್ತಿರ ಬನ್ನಿ, ಬಸ್ಸು ಕಾಯುವುದಿಲ್ಲ ಅಂತ ಎಚ್ಚರಿಸಿ ಹೋದಳು. ಅಮ್ಮ ಮತ್ತು ಅಜ್ಜಿ ಕೆಫೆಯಲ್ಲಿ ಕೂತರು. ನಾನು, ಮಾಮ ಬಯಲು ರಂಗಮಂದಿರ ನೋಡಲು ಹೋದೆವು. ಅಲ್ಲಿ ಸಾಮ್ರಾಟನ ಹಾಗೆ ನಿಂತು ನಾನು ಹದಿನಾರು ಫೋಟೋ ತೆಗೆಸಿಕೊಂಡೆ. ಎಲ್ಲದರಲ್ಲೂ ಮಾಮನ ಹೆಬ್ಬೆರಳು ಬಂದಿದೆ.

ಬೆಳಕು ಸಡಿಲವಾಗುವಾಗ ಗೇಟಿಗೆ ಬಂದೆವು. ಅಮ್ಮ ಒಬ್ಬಳೇ ನಿಂತಿದ್ದಳು.

"ಅಜ್ಜಿ ಎಲ್ಲಿ?" ಅಂತ ಅವಳೇ ನಮ್ಮನ್ನು ಕೇಳಿದಳು.

"ನಿನ್ನ ಜೊತೆ ಅಲ್ವಾ ಅಕ್ಕಾ?"

"ನಿಮ್ಮ ಹತ್ರ ಹೋಗ್ತೇನೆ ಅಂತ ಹೇಳಿ ಎದ್ದು ಹೋದ್ಳು ಮಾರಾಯ! ಆಗಲೇ! ಬುತ್ತಿ ಹಿಡ್ಕೊಂಡು!"

ಮಾಮನ ಮುಖ ಬೂದಿಯಾಯಿತು. ಎಪ್ಪತ್ತು ದಾಟಿದ ಹೆಂಗಸು. ಇಂಗ್ಲಿಷ್ ಇಲ್ಲ, ಫೋನ್ ಇಲ್ಲ, ಚಳಿಗೆ ಒಂದು ತೆಳು ಸ್ವೆಟರ್. ಒಳಗೆ ಎಲ್ಲೋ ಗಾರ್ಡ್ ಸೀಟಿ ಊದುತ್ತಿದ್ದ. ಕೊನೆಯವರು ಹೊರಗೆ ಬರುತ್ತಿದ್ದರು. ಆ ಗುಂಪಿನಲ್ಲಿ ಅಜ್ಜಿ ಇರಲಿಲ್ಲ.

ಅಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಳಲು ಶುರು ಮಾಡಿದಳು. ಡ್ರೈವರ್ ಕೈ ಮುಗಿದ, ಕೂಗಿದ, ಆಮೇಲೆ ಎಂಜಿನ್ ಆಫ್ ಮಾಡಿ ಕೂತ. ನಾನೂ ಮಾಮನೂ ಗೇಟಿನೊಳಗೆ ಓಡಿದೆವು. ಗಾರ್ಡ್ ಹಿಂದಿನಿಂದ ಏನೋ ಕಿರುಚಿದ.

"ಅಮ್ಮಾ! ಅಮ್ಮಾ!"

ಮಾಡಿಲ್ಲದ ಊರಿನಲ್ಲಿ ಕೂಗಿದರೆ ಸದ್ದು ಮೇಲೆ ಹೋಗಬೇಕಲ್ಲವೇ? ಹೋಗಲಿಲ್ಲ. ಮಾಮನ ಕೂಗು ಗೋಡೆಯಿಂದ ಗೋಡೆಗೆ ನಡೆದುಕೊಂಡು ಹೋಗಿ ಎಲ್ಲೋ ಒಳಗೆ ಕೂತುಕೊಂಡಿತು. ವಾಪಸು ಬರಲಿಲ್ಲ. ಬೆಳಗಿನಿಂದ ಗೋಡೆಗೊಂದರಂತೆ ಕೂತಿದ್ದ ಬೆಕ್ಕುಗಳಲ್ಲಿ ಒಂದೂ ಕಾಣಲಿಲ್ಲ.

ಸ್ನಾನಗೃಹ ನೋಡಿದೆವು. ಅಂಗಡಿ ಬೀದಿ ನೋಡಿದೆವು. ಮಾಮ ಒಂದು ಗುಂಡಿಗೆ ಕಾಲು ಹಾಕಿ ಬಿದ್ದು, ಎದ್ದು, ಮತ್ತೆ ಓಡಿದ. "ನಾನು ಊರಲ್ಲಿ ಎಂತ ಹೇಳುದು... ಅಪ್ಪನನ್ನೂ ಕಳ್ಕೊಂಡೆ, ಅಮ್ಮನನ್ನೂ ಕಳ್ಕೊಂಡೆ ಅಂತ ಹೇಳುದಾ..." ಅಂತ ತನ್ನಷ್ಟಕ್ಕೆ ಹೇಳುತ್ತಿದ್ದ. ದೊಡ್ಡವರು ಹೀಗೆ ಒಡೆದುಹೋಗುವುದನ್ನು ನಾನು ನೋಡಿರಲಿಲ್ಲ. ಅವನ ಕೈ ಹಿಡಿದುಕೊಂಡೆ. ಅವನಿಗೆ ಸಮಾಧಾನವಾಗಲಿ ಅಂತ ಹಿಡಿದದ್ದು ಅಂದರೆ ಅದು ನನ್ನ ಎಂದಿನ ಬುರುಡೆ.

ಆಗ ಗಾಳಿ ತಿರುಗಿತು. ಒಣ ಸಿಗಡಿಯ ವಾಸನೆ ಬಂತು.

ಬಸ್ಸಿನಲ್ಲಿ ನಾಚಿಕೆ ತರಿಸಿದ ಆ ವಾಸನೆ ಈಗ ಅಮೃತದ ಹಾಗೆ ಕಂಡಿತು. ಇಬ್ಬರೂ ಅದರ ಹಿಂದೆ ಓಡಿದೆವು. ಊರಬಾಗಿಲು ದಾಟಿ... ಗೋರಿಗಳ ಬೀದಿಗೆ.

ಅಲ್ಲಿ ಸಿಗಡಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ತುಂಬ ದಿನ ಮುಚ್ಚಿಟ್ಟ ಹಂಡೆಯ ಮುಚ್ಚಳ ತೆಗೆದರೆ ಬರುತ್ತದಲ್ಲ, ಅಂಥದ್ದು.

ಅಜ್ಜಿ ಕಂಡಳು. ಕೊಳವೆ ಇದ್ದ ಗೋರಿಯ ಎದುರಿನ ಜಗಲಿಯಲ್ಲಿ, ಗೋರಿಗೆ ಬೆನ್ನು ಹಾಕಿ ಕೂತಿದ್ದಳು. ಸೆರಗು ತಲೆ ಮೇಲೆ. ಮುಖ ನಮ್ಮ ಕಡೆ. ಅವಳ ಹಿಂದೆ ಕೊಳವೆಯ ಬುಡದಲ್ಲಿ ಬುತ್ತಿಯ ಸ್ಟೀಲ್ ಡಬ್ಬಿ ಮಸುಕಾಗಿ ಹೊಳೆಯುತ್ತಿತ್ತು.

ಅವಳು ನಗುತ್ತಿದ್ದಳು. ಒಂದು ವರ್ಷದಲ್ಲಿ ಮೊದಲ ಸಲ.

ಮಾಮ ಬಾಯಿ ತೆರೆಯುವ ಮೊದಲೇ ಬೆರಳು ತುಟಿಗೆ ಇಟ್ಟಳು. "ಶ್... ಉಣ್ತಾ ಇದ್ದಾರೆ."

"ಅಮ್ಮಾ, ಏಳು. ಗೇಟ್ ಹಾಕ್ತಾರೆ."

"ಅರ್ಧ ಊಟದಲ್ಲಿ ಹೇಗೆ ಏಳಿಸುದು ಮಾರಾಯ? ಕೇಳು... ನಲವತ್ತೈದು ವರ್ಷ ಬಡಿಸಿದವಳು ನಾನು. ನನಗೆ ಆ ಸದ್ದು ಗೊತ್ತಿಲ್ವಾ?"

ನಾನು ಕೇಳಿದೆ.

ಮೊದಲು ಪೈನ್ ಮರದ ಗಾಳಿ ಅಂದುಕೊಂಡೆ. ಅಲ್ಲ. ಹಲ್ಲಿಗೆ ಒಣ ಸಿಗಡಿ ಸಿಕ್ಕಿ ಮುರಿಯುವ ಸದ್ದು... ನಿಧಾನ... ಬೆರಳು ಚೀಪುವ ಸದ್ದು. ಸ್ವಲ್ಪ ಬಿಡುವು. ಮತ್ತೆ ಮುರಿಯುವ ಸದ್ದು. ವಯಸ್ಸಾದವರು ಅವಸರವಿಲ್ಲದೆ ಉಣ್ಣುವ ಹಾಗೆ.

ನಾನು ತಲೆ ಎತ್ತಿ ಅವಳ ಭುಜದ ಮೇಲಿಂದ ನೋಡಲು ಹೋದೆ. ಅಜ್ಜಿ ಸರಕ್ಕನೆ ನನ್ನ ಕುತ್ತಿಗೆ ಹಿಡಿದು ಮುಖವನ್ನು ತನ್ನ ಮಡಿಲಿಗೆ ಒತ್ತಿದಳು. "ನೋಡ್ಬಾರ್ದು!"

ಹಾಗಾಗಿ ನಾನು ಏನೂ ನೋಡಲಿಲ್ಲ. ನೋಡಿದೆ ಅಂದಿದ್ದರೆ ಕತೆ ಇನ್ನೂ ಚೆನ್ನಾಗಿರುತ್ತಿತ್ತು, ನನಗೂ ಗೊತ್ತು.

ಮುಖ ಸೀರೆಯಲ್ಲಿ ಹುದುಗಿದ್ದರಿಂದ ಕಿವಿ ಮಾತ್ರ ಉಳಿಯಿತು. ಬೀದಿಯ ಆ ತುದಿಯಿಂದ... ಕಲ್ಲಿನ ಮೇಲೆ ಬರಿಗಾಲಿನ ಸದ್ದು. ನಿಂತಿತು. ಇನ್ನೊಂದು. ಎದುರು ಬದಿಯ ಗೋರಿಯಿಂದ ಮತ್ತೊಂದು. ಯಾರೋ ಮೊಣಕಾಲು ಹಿಡಿದುಕೊಂಡು "ಹ್ಹಾ..." ಅಂತ ಉಸಿರು ಬಿಟ್ಟು ನೆಲಕ್ಕೆ ಕೂತರು. ಮದುವೆ ಮನೆಯ ಪಂಕ್ತಿಯಲ್ಲಿ ಮುದುಕರು ಕೂರುತ್ತಾರಲ್ಲ, ಥೇಟ್ ಹಾಗೆ. ಅವರ ಪಕ್ಕ ಇನ್ನೊಬ್ಬರು ಕೂತರು.

ಸಿಗಡಿ ಮುರಿಯುವ ಸದ್ದು ಒಂದೇ ಕಡೆಯಿಂದ ಬರುವುದು ನಿಂತುಹೋಯಿತು.

ನನ್ನ ಕುತ್ತಿಗೆಯ ಮೇಲೆ ಅಜ್ಜಿಯ ಹಿಡಿತ ಬಿಗಿಯಾಯಿತು. ಚಳಿಗೋ ಏನೋ. ಅವಳ ಕೈ ಐಸ್ ಆಗಿತ್ತು.

"ಯಾರು... ಇಷ್ಟು ಜನ..." ಅಂದಳು.

ಮಾಮನಿಗೂ ಕೇಳಿಸಿತ್ತು. ಕೇಳಿಸದೆ ಇದ್ದಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಅಜ್ಜಿಯನ್ನು ಅಕ್ಕಿಮುಡಿಯ ಹಾಗೆ ಹೆಗಲಿಗೆ ಹಾಕಿಕೊಂಡು ಓಡಿದ.

"ಬಿಡು! ಹೇಳಿ ಬರ್ತೇನೆ! ಒಂದು ಮಾತು ಹೇಳಿ ಬರ್ತೇನೆ ಮಗಾ! ಹೋಗಿ ಅಂತ ಹೇಳ್ಲಿಲ್ಲ... ಅವರನ್ನು ಕಳಿಸ್ಲಿಲ್ಲ..."

ಮಾಮ ನಿಲ್ಲಲಿಲ್ಲ. ನಾನು ಹಿಂದೆ ಓಡಿದೆ. ಎದುರಿನಿಂದ ಟಾರ್ಚ್ ಹಿಡಿದ ಗಾರ್ಡ್ ಬಂದ. ನಮ್ಮನ್ನು ಬೈಯಲು ಬಾಯಿ ತೆರೆದವನು ನಮ್ಮ ಹಿಂದಿನ ಬೀದಿಯ ಕಡೆ ಬೆಳಕು ಬಿಟ್ಟ. ಏನು ಕಂಡನೋ, ಏನೂ ಕಾಣಲಿಲ್ಲವೋ... ಬೈಯಲಿಲ್ಲ. ಎದೆಯ ಮೇಲೆ ಶಿಲುಬೆ ಬರೆದುಕೊಂಡು, ನಮ್ಮ ಜೊತೆಗೇ ಗೇಟಿನವರೆಗೆ ಓಡಿದ.

ಬಸ್ಸಿನಲ್ಲಿ ಯಾರೂ ನಮ್ಮನ್ನು ಬೈಯಲಿಲ್ಲ. ಜರ್ಮನ್ ಹೆಂಗಸು ತನ್ನ ಕೋಟು ತೆಗೆದು ಅಜ್ಜಿಗೆ ಹೊದಿಸಿದಳು. ಬಸ್ಸು ದೊಡ್ಡ ರಸ್ತೆಗೆ ಬಂದ ಮೇಲೆ ಮಾಮ ಮೆಲ್ಲಗೆ ಕೇಳಿದ.

"ಅಮ್ಮಾ... ಅಪ್ಪನನ್ನು ಹೆಸರು ಹಿಡಿದು ಕರೆದೆಯಾ?"

ಅಜ್ಜಿ ಅವನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. "ನಾನು ಹೇಗೆ ಅವರ ಹೆಸರು ಹೇಳುದು?"

ನಲವತ್ತೈದು ವರ್ಷ ಆ ಬಾಯಲ್ಲಿ ಗಂಡನ ಹೆಸರು ಬಂದಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗನ ಕಡೆ ಕೈ ತೋರಿಸುತ್ತಿದ್ದಳಂತೆ.

"ಮತ್ತೆ ಎಂತ ಹೇಳಿ ಕರೆದದ್ದು?"

"ಹಸಿದವರು ಊಟಕ್ಕೆ ಬನ್ನಿ ಅಂತ."

ಬಸ್ಸಿನ ಹೀಟರ್ ಫುಲ್ಲಾಗಿತ್ತು. ಆದರೂ ನನ್ನ ಹಲ್ಲು ಕಟಕಟ ಅಂದಿತು.

"ಮೊದಲು ಬಂದದ್ದು ಅವರೇ" ಅಂದಳು ಅಜ್ಜಿ. "ಅದು ಅವರೇ. ಉಳಿದವರು ಆಮೇಲೆ ಬಂದದ್ದು." ಮತ್ತೆ ತನ್ನಷ್ಟಕ್ಕೆ, "ಅವರಿಗೆ ಆ ಊರು ಗೊತ್ತಿಲ್ಲ. ದಾರಿ ಗೊತ್ತಿಲ್ಲ. ಕರೆದದ್ದು ನಾನು. ಬಿಟ್ಟು ಬಂದದ್ದೂ ನಾನು."

ಬೆಕ್ಕುಗಳು ಅಂತ ಅಮ್ಮ ಹೇಳಿದಳು. ಬೆಕ್ಕುಗಳು ಸಿಗಡಿ ತಿಂದದ್ದು, ಅಷ್ಟೇ. ನಾನೂ ಹೌದು ಹೌದು ಅಂದೆ. ಮೊಣಕಾಲು ಹಿಡಿದು ಉಸಿರು ಬಿಡುವ ಬೆಕ್ಕನ್ನು ನಾನು ಇನ್ನೂ ನೋಡಿಲ್ಲ.

ಮೆಲ್ಬರ್ನಿಗೆ ಹೋದ ಮೇಲೆ ಅಜ್ಜಿ ಊಟ ಬಿಟ್ಟಳು. ಗಂಜಿ ನೀರು ಮಾತ್ರ. ಡಾಕ್ಟರು ಟೆಸ್ಟ್ ಮೇಲೆ ಟೆಸ್ಟ್ ಬರೆದರು, ಎಲ್ಲ ನಾರ್ಮಲ್. ಮಾಮ ಸಿಡ್ನಿಗೆ ಫೋನ್ ಮಾಡಿ ಅತ್ತ.

"ಅಕ್ಕಾ, ಹೀಗೇ ಆದ್ರೆ ಇವಳೂ ಹೋಗ್ತಾಳೆ. ಇಲ್ಲೇ ಬಡಿಸುವಾ. ಅಲಾರಂ ಬಡ್ಕೊಳ್ಳಲಿ, ಓನರ್ ಬರ್ಲಿ, ಎಂತ ಬೇಕಾದ್ರೂ ಆಗ್ಲಿ. ಅಪ್ಪನನ್ನು ಇಲ್ಲಿಗೆ ಕರೆದು ಬಿಡುವಾ."

ನಾನೂ ಅಮ್ಮನೂ ಶುಕ್ರವಾರವೇ ಹೊರಟೆವು.

ಮಾಮ ತನ್ನ ಬೆಡ್‌ರೂಮ್ ಖಾಲಿ ಮಾಡಿ ನೆಲ ಒರೆಸಿದ್ದ. ಡ್ಯಾಂಡಿನಾಂಗ್ ಮಾರ್ಕೆಟ್ಟಿನಿಂದ ಮೀನು, ಕೋಳಿ, ಬಾಳೆಲೆ ಬಂತು. ಅಮ್ಮ ಅಡುಗೆ ಮಾಡಿದಳು. ಅಜ್ಜಿ ಗೋಡೆ ಹಿಡಿದು ಬಂದು ತಾನೇ ಬಡಿಸಿದಳು. ಒಂದೇ ಎಲೆ. ದೀಪ ಹಚ್ಚಿ, ಮಾಮ ಅಜ್ಜನ ಹೆಸರನ್ನು ಗಟ್ಟಿಯಾಗಿ ಮೂರು ಸಲ ಕರೆದ. ಮೂರನೆಯದು ಅರ್ಧವೇ ಬಂತು. ಬಾಗಿಲು ಹಾಕಿ ನಾವು ನಾಲ್ಕೂ ಜನ ಕಾರಿಡಾರಿನಲ್ಲಿ ನಿಂತೆವು. ಹೊರಗೆ ಟ್ರೈನ್ ಒಂದು ಹೋಯಿತು. ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಭಯಪಡುವಂಥದ್ದು ಏನೂ ಇರಲಿಲ್ಲ.

ಒಳಗೆ ಎಲೆ ಸರಿದ ಸದ್ದಾಯಿತು.

ಅಮ್ಮ ನನ್ನ ಕೈ ಹಿಡಿದಳು. ಅಜ್ಜಿ ಬಾಗಿಲಿಗೆ ಕಿವಿ ಇಟ್ಟಳು. ಅವಳ ಮುಖ ಅರಳಿತು... ಆಮೇಲೆ ನಿಧಾನವಾಗಿ, ಬೆಳಕು ಆರಿದ ಹಾಗೆ, ಮುಚ್ಚಿಕೊಂಡಿತು.

ಒಳಗೆ "ಹ್ಹಾ..." ಅಂತ ಯಾರೋ ಕೂತರು. ಅವರ ಪಕ್ಕ ಇನ್ನೊಬ್ಬರು. ಮತ್ತೊಬ್ಬರು. ಒಂದು ಸಿಂಗಲ್ ಬೆಡ್ ಹಾಕಿದರೆ ನಡೆಯಲು ಜಾಗ ಇಲ್ಲದ ಕೋಣೆ ಅದು. ಕೂರುವ ಸದ್ದು ಮುಗಿಯಲೇ ಇಲ್ಲ. ಗೋಡೆಯ ಆಚೆಗೂ ಪಂಕ್ತಿ ಹೋಗುತ್ತಿರುವ ಹಾಗೆ.

"ಇದ್ದಾರಾ?" ಮಾಮ ಪಿಸುಗುಟ್ಟಿದ. "ಅಮ್ಮಾ, ಅಪ್ಪ ಇದ್ದಾರಾ?"

ಅಜ್ಜಿ ಬಹಳ ಹೊತ್ತು ಕೇಳಿದಳು. ಒಂದೊಂದು ಸದ್ದನ್ನೂ ಬೇರೆ ಮಾಡಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

"ಎಲ್ಲರೂ ಬಂದಿದ್ದಾರೆ" ಅಂದಳು. "ಅವರೊಬ್ಬರು ಇಲ್ಲ."

ಮಾಮ ಬಾಗಿಲು ತಟ್ಟಿದ. "ಊಟ... ಊಟ ಆಯ್ತಾ?"

ಒಳಗಿನ ಸದ್ದೆಲ್ಲ ಒಟ್ಟಿಗೆ ನಿಂತಿತು. ಅಗಿಯುವುದು ನಿಂತಿತು. ಉಸಿರು ನಿಂತಿತು. ಅಷ್ಟೂ ತಲೆಗಳು ಬಾಗಿಲ ಕಡೆ ತಿರುಗಿದವು ಅಂತ ನನಗೆ ಬಾಗಿಲಿನ ಈಚೆಯಿಂದಲೇ ಗೊತ್ತಾಯಿತು. ಹೇಗೆ ಅಂತ ಕೇಳಬೇಡಿ.

ಇನ್ನು ಹೇಳಬೇಕಾದ ಮಾತು ಒಂದೇ. ನಿಮ್ಮ ಜಾಗಕ್ಕೆ ಹೋಗಿ ಅನ್ನುವುದು. ಮಾಮ ಬಾಯಿ ತೆರೆದ.

ಅಜ್ಜಿ ಅವನ ಬಾಯಿಗೆ ಅಂಗೈ ಒತ್ತಿದಳು. ಊಟ ಬಿಟ್ಟ ಆ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಮಾಮ ಗೋಡೆಗೆ ತಾಗಿ ನಿಂತ.

"ಹೇಳ್ಬೇಡ. ಇವರನ್ನು ಕಳಿಸಿದ್ರೆ ಅವರು ಎಲ್ಲಿದ್ದಾರೆ ಅಂತ ನಮಗೆ ಯಾರು ಹೇಳ್ತಾರೆ?" ಆಮೇಲೆ ಅಮ್ಮನ ಕಡೆ ತಿರುಗಿ, ದಿನಾ ಹೇಳುವ ಹಾಗೆ ಹೇಳಿದಳು. "ಇನ್ನೂ ಸ್ವಲ್ಪ ಅಕ್ಕಿ ಹಾಕು ಮಗಳೇ. ಹೊಟ್ಟೆ ತುಂಬಿದ ಮೇಲೆ ಕೇಳುವಾ."

ಆ ದಿನ ಅಜ್ಜಿ ಊಟ ಮಾಡಿದಳು. ಈಗ ಚೆನ್ನಾಗಿದ್ದಾಳೆ. ಡಾಕ್ಟರಿಗೆ ಆಶ್ಚರ್ಯ.

ಮಾಮ ಹಾಲ್‌ನಲ್ಲಿ ಸೋಫಾದ ಮೇಲೆ ಮಲಗುತ್ತಾನೆ. ಬೆಡ್‌ರೂಮಿನ ಬಾಗಿಲನ್ನು ಅಜ್ಜಿ ಬಿಟ್ಟು ಯಾರೂ ತೆರೆಯುವುದಿಲ್ಲ. ಪ್ರತಿ ವಾರ ಬಡಿಸುತ್ತಾಳೆ. ಫೋನಿನಲ್ಲಿ ನಾನು ಧೈರ್ಯ ಮಾಡಿ ಕೇಳುತ್ತೇನೆ, "ಏನಾದ್ರೂ ಹೇಳಿದ್ರಾ ಅಜ್ಜಿ?"

"ಇಲ್ಲ ಮಗಾ" ಅನ್ನುತ್ತಾಳೆ. "ಇನ್ನೂ ಉಣ್ತಾ ಇದ್ದಾರೆ."